ಆಷಾಢದ ಬೋಲ್ಟು

ಸಿಂಗಟಗೆರೆಯ ಹೊನ್ನೇಶನಿಗೆ ಮದುವೆಯಾಗಿ ಅರಿಶಿನ ಆರುವ ಮೊದಲೇ ಆಷಾಢ ಬಂದು ವಕ್ಕರಿಸಿತು. ಹೊಸ ಹೆಂಡತಿ ನಿಖಿತಾಳನ್ನು ತರೀಕೆರೆಯ ತವರಿಗೆ ಬಿಟ್ಟುಬಂದ ದಿನದಿಂದ ಅವನಿಗೆ ಊಟ ಸೇರದು, ನಿದ್ದೆ ಹತ್ತದು. ತೋಟಕ್ಕೆ ಹೋದರೆ ಕಾಯಿ ಕೀಳುವವರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದ. ಆಷಾಢ ಮುಗಿಯುವ ತನಕ ಗಂಡಹೆಂಡತಿ ಜೊತೆಗಿರಬಾರದು, ಹೊಸ ಅಳಿಯ ಅತ್ತೆ ಮನೆಯ ಹೊಸ್ತಿಲು ತುಳಿಯಬಾರದು. ಅಮಾವಾಸ್ಯೆ ಕಳೆದರೆ ಆಷಾಢವೂ ಕಳೆಯಿತು ಎಂದುಕೊಂಡು ಪಾಪ, ರಾತ್ರಿಯೆಲ್ಲ ಚಂದ್ರ ಕರಗುವುದನ್ನೇ ನೋಡುತ್ತ ದಿನ ತಳ್ಳಿದ. ಆ ಅಮಾವಾಸ್ಯೆ ನಿನ್ನೆ ಕಳೆದಿತ್ತು.

ಬಸ್ಸಿನಲ್ಲಿ ಹೋಗಿ ಕರೆತರಬಹುದಿತ್ತು. ಆದರೆ ತುಂಬಿದ ಮನೆಯಲ್ಲಿ ಅವರಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಅಂತ ಇದ್ದರೆ ಅದು ಅವನ ಹಳೇ ಕಾರಿನೊಳಗೆ ಮಾತ್ರ. ಆ ಕಾರಿನ ಮುಂದಿನ ಎಡಚಕ್ರವೋ, ಗುಂಡಿ ಕಂಡರೆ ಸಾಕು, ಲೊಡಲೊಡ ಎನ್ನುತ್ತಿತ್ತು. ಚಕ್ರವನ್ನು ಹಿಡಿದಿಡುವ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ಸವೆದಿದೆ, ಮುಂದಿನ ವಾರ ಗಾಡಿ ತಾ ಎಂದಿದ್ದ ಕಡೂರಿನ ಮೆಕ್ಯಾನಿಕ್. ಮುಂದಿನ ವಾರವಂತೆ! ಹೊನ್ನೇಶ ಹೊಸ ಬುಷ್ಷು, ಬೋಲ್ಟು ಕೊಂಡು ತಂದ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಬೆಳಿಗ್ಗೆಯೇ ಅಂಗಳದಲ್ಲಿ ಕಾರಿಗೆ ಜಾಕ್ ಕೊಟ್ಟು ಚಕ್ರ ಬಿಚ್ಚಿದ.

ವಿಡಿಯೋದಲ್ಲಿ ಬೋಲ್ಟು ಎರಡು ಬೆರಳಿಗೆ ಬಂದಿತ್ತು. ಇಲ್ಲಿ ನಟ್ಟೇನೋ ಬಂತು, ಬೋಲ್ಟು ತುಕ್ಕು ಹಿಡಿದು ಬುಷ್ಷಿನೊಳಗೆ ಕಚ್ಚಿಕೊಂಡು ಕೂತಿತ್ತು. ಸುತ್ತಿಗೆಯಲ್ಲಿ ಹೊಡೆದರೆ ಕೈ ಜುಮ್ಮೆಂದಿತೇ ಹೊರತು ಬೋಲ್ಟು ಅಲ್ಲಾಡಲಿಲ್ಲ.

ಸದ್ದು ಕೇಳಿ ಪಕ್ಕದ ಮನೆಯ ಲಕ್ಷ್ಮಣಪ್ಪ ಬಂದ. ಊರಿನ ಪಂಪ್‌ಸೆಟ್ಟುಗಳಿಗೆಲ್ಲ ಸಲಹೆ ಕೊಟ್ಟು ಒಂದನ್ನೂ ಓಡಿಸದ ಮಹಾನುಭಾವ.

"ಏನಪ್ಪಾ, ಎಲ್ಲಿಗೆ ಇಷ್ಟು ಅರ್ಜೆಂಟು?"

ಹೆಂಡತಿಯನ್ನು ಕರೆತರೋಕೆ ಎಂದರೆ ಮುಗಿದೇ ಹೋಯಿತು. ಅಮಾವಾಸ್ಯೆಯ ಮಾರನೆಯ ದಿನವೇ ಓಡ್ತಾನಲ್ಲಪ್ಪ ಎಂದು ವರ್ಷವಿಡೀ ಆಡಿಕೊಂಡು ನಗುತ್ತಾರೆ. "ಅಜ್ಜಂಪುರಕ್ಕೆ ಲಕ್ಷ್ಮಣಣ್ಣ. ಈರುಳ್ಳಿ ಬೀಜ ತರಾಕೆ" ಎಂದ ಹೊನ್ನೇಶ.

"ಸೀಮೆಎಣ್ಣೆ ಬಿಡು, ತಾನಾಗೇ ಬತ್ತದೆ."

ಸೀಮೆಎಣ್ಣೆ ಬಿಟ್ಟರು, ಕೊಬ್ಬರಿಎಣ್ಣೆ ಬಿಟ್ಟರು. ಬೋಲ್ಟು ಎಣ್ಣೆಸ್ನಾನ ಮಾಡಿದ್ದೇ ಬಂತು. ಅಷ್ಟರಲ್ಲಿ ಎದುರುಮನೆಯ ಪಂಚಾಕ್ಷರಪ್ಪ ಬೋರ್‌ವೆಲ್ಲಿನ ಪೈಪಿನ ತುಂಡು ಹೊತ್ತು ತಂದ. ಅವನೂ ಅದನ್ನೇ ಕೇಳಿದ. ಹೊನ್ನೇಶ ಗಾಬರಿಯಲ್ಲಿ, "ಹಲ್ಲು ನೋವು ಕಣಣ್ಣ, ಕಡೂರಲ್ಲಿ ತೋರಿಸ್ಬೇಕು" ಎಂದುಬಿಟ್ಟ.

"ನಂಗೆ ಈರುಳ್ಳಿ ಬೀಜ ಅಂದ್ನಲ್ಲ?" ಎಂದ ಲಕ್ಷ್ಮಣಪ್ಪ.

"ಎಲ್ಡೂ ಐತೆ, ಹಿಡ್ಕಳ್ಳಿ ಪೈಪ!" ಎಂದು ಹೊನ್ನೇಶ ಕಾರಿನಡಿಯಿಂದ ಕೂಗಿದ.

ಸ್ಪ್ಯಾನರಿಗೆ ಪೈಪು ತೂರಿಸಿ ಇಬ್ಬರೂ ಐಸಾ ಎಂದು ಜಗ್ಗಿದರು. ಸ್ಪ್ಯಾನರು ಜಾರಿತು. ಪಂಚಾಕ್ಷರಪ್ಪ ಹಿಂದಿದ್ದ ತೆಂಗಿನ ಸಿಪ್ಪೆಯ ರಾಶಿಗೆ ಅಂಗಾತ ಬಿದ್ದ. ಎದ್ದವನು ಬೋಲ್ಟು ತನ್ನನ್ನೇ ಬೈದಂತೆ ಕೆರಳಿದ. "ಬೆಂಕಿ ತಗಳ್ರೋ! ಕಾಯಿಸ್ದೆ ಕಬ್ಣ ಬಗ್ಗಲ್ಲ!"

ಹಳೇ ಬಾಣಲೆಯಲ್ಲಿ ಕರಟದ ಕೆಂಡ ಮಾಡಿ ಬೋಲ್ಟಿನಡಿಗೆ ಹಿಡಿದರು. ಕಬ್ಬಿಣ ಕಾಯುವ ಮೊದಲು ಬುಷ್ಷಿನ ರಬ್ಬರಿಗೆ ಬೆಂಕಿ ಹತ್ತಿತು. ಕಪ್ಪು ಹೊಗೆ ಬುಸ್ಸೆಂದು ಎದ್ದು, ಬೀದಿಯವರೆಲ್ಲ ಅಂಗಳಕ್ಕೆ ಓಡಿಬಂದರು. ಹೊನ್ನೇಶನ ತಾಯಿ ಕಾಮಾಕ್ಷಮ್ಮ, "ಅಯ್ಯೋ ನನ್ ಮಗಾ, ಪೆಟ್ರೋಲ್ ಗಾಡಿ ಕಣೋ!" ಎನ್ನುತ್ತ ಕೊಡದ ನೀರನ್ನು ದಬಾರನೆ ಸುರಿದಳು. ಅರ್ಧ ಬೋಲ್ಟಿನ ಮೇಲೆ ಬಿತ್ತು, ಅರ್ಧ ಮಗನ ಮುಖದ ಮೇಲೆ. ಚಟ್ ಎಂದು ಸದ್ದಾಯಿತು. ಹೊನ್ನೇಶ ಕೆಮ್ಮುತ್ತಲೇ ಸ್ಪ್ಯಾನರು ಹಾಕಿ ನೋಡಿದ. ಬೋಲ್ಟು ತಿರುಗಿತು! ಬೋಲ್ಟು ಬಿಡಿಸಿದ್ದು ತಾನೇ ಎಂದು ಲಕ್ಷ್ಮಣಪ್ಪ, ಪಂಚಾಕ್ಷರಪ್ಪ ಇಬ್ಬರೂ ಜಗಳಕ್ಕೆ ನಿಂತರು. ಅವರ ಜಗಳ ಮುಗಿಯುವ ಹೊತ್ತಿಗೆ ಹೊನ್ನೇಶ ಹೊಸ ಬುಷ್ಷು, ಬೋಲ್ಟು ಕೂರಿಸಿ, ಚಕ್ರ ಹಾಕಿ, ಮಸಿ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟಾಗಿತ್ತು.

ಕಾರು ನುಣ್ಣಗೆ ಓಡಿತು. ಬೀರೂರಿನಲ್ಲಿ ಮಲ್ಲಿಗೆ ಕೊಂಡು ಪಕ್ಕದ ಸೀಟಿನಲ್ಲಿಟ್ಟ. ಬರುವಾಗ ಈ ಸೀಟು ಖಾಲಿಯಿರುವುದಿಲ್ಲ ಎಂದು ನೆನೆದಾಗಲೆಲ್ಲ ಹೂವಿನ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡ. ಅವಳಿಗೆ ಹೇಳಬೇಕಾದ ಮಾತನ್ನೆಲ್ಲ ಆ ಸೀಟಿಗೇ ಒಂದು ಸಲ ಹೇಳಿ ನೋಡಿದ.

ಸಂಜೆಗೆ ತರೀಕೆರೆಯ ಮನೆಯ ಮುಂದೆ ಕಾರು ನಿಂತಾಗ ಮಾವ ಕೆಂಚಪ್ಪ ಗಡಬಡಿಸಿ ಹೊರಬಂದು ಹಿಂದಿನಿಂದ ಬಾಗಿಲು ಎಳೆದುಕೊಂಡರು. "ಅಳಿಯಂದ್ರೇ, ಇಳೀಬೇಡಿ, ಅಲ್ಲೇ ಕೂತ್ಕಳಿ!" ಒಳಗಿನಿಂದ ಅತ್ತೆಯ ದನಿ, "ಒಳೀಕ್ ಬಿಡಬ್ಯಾಡ್ರೀ!"

"ಯಾಕೆ ಮಾವ? ಆಷಾಢ ನಿನ್ನೆಗೆ ಮುಗೀತಲ್ಲ?"

"ಮುಗಿದಿದ್ದು ಅಧಿಕ ಆಷಾಢ ಕಣ್ರೀ. ಈ ವರ್ಷ ಆಷಾಢ ಎಲ್ಡು. ನಿಜ ಆಷಾಢ ಇವತ್ತಿಂದ ಶುರು. ಇನ್ನೊಂದು ತಿಂಗ್ಳು ತಡ್ಕಬೇಕು. ನಿಮ್ಮೂರಲ್ಲಿ ಯಾರೂ ಹೇಳ್ಳಿಲ್ವಾ?"

ಯಾರು ಹೇಳಬೇಕು? ಬೆಳಗಿನಿಂದ ಅರ್ಧ ಊರೇ ಅಂಗಳದಲ್ಲಿತ್ತು, ಪಂಚಾಂಗ ಎಲ್ಲರ ನಾಲಿಗೆಯ ಮೇಲಿತ್ತು. ತಾಯಿಯೂ ಸೇರಿ ಅವರಿಗೆಲ್ಲ ಇವನು ಹೇಳಿದ್ದು ಈರುಳ್ಳಿ ಬೀಜ ಮತ್ತು ಹಲ್ಲುನೋವು.

ನಿಖಿತಾ ಕಾಫಿ ಲೋಟ ಹಿಡಿದು ಕಾರಿನ ಕಿಟಕಿಗೆ ಬಂದಳು. ಹೊನ್ನೇಶ ಲೋಟ ತೆಗೆದುಕೊಳ್ಳುವುದನ್ನು ಮರೆತು ಅವಳ ಮುಖವನ್ನೇ ನೋಡಿದ. ಅವಳು ಮೆಲ್ಲಗೆ, "ನಂಗೆ ಮೊದಲೇ ಗೊತ್ತಿತ್ತು ಕಣ್ರೀ" ಎಂದಳು.

"ಮತ್ತೆ ಫೋನಲ್ಲಿ ಹೇಳ್ಳಿಲ್ಲ?"

"ಹೇಳಿದ್ರೆ ನೀವು ಬತ್ತಿದ್ರಾ?" ಅವಳ ಕಣ್ಣು ತುಂಬಿತ್ತು.

ಕೆಂಚಪ್ಪ ಕೆಮ್ಮಿದರು. "ಕತ್ಲಾಗೋದ್ರೊಳ್ಗೆ ಹೊರಡಿ ಅಳಿಯಂದ್ರೇ. ಗಾಡಿ ಸರಿಯೈತೆ ತಾನೆ? ಹೋದ್ಸಲ ಲೊಡಲೊಡ ಅಂತಿತ್ತು."

ಹೊನ್ನೇಶ ಎದೆಯುಬ್ಬಿಸಿದ. "ನಾನೇ ಬಿಚ್ಚಿ ಸರಿ ಮಾಡ್ದೆ ಮಾವ. ಒಂಚೂರೂ ಸದ್ದಿಲ್ಲ."

ನಿಖಿತಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಯಾಕ್ರೀ ಮಾಡಿದ್ರಿ? ನಾನು ಅದೊಂದನ್ನೇ ನಂಬ್ಕಂಡಿದ್ದೆ! ಗಾಡಿ ಇಲ್ಲೇ ಕೆಟ್ಟು ಕೂತ್ಕತದೆ, ನಾಕು ದಿನ ಎದ್ರುಗಡೆ ಚಿಕ್ಕಪ್ಪನ ಮನೇಲಿ ಉಳ್ಕತೀರ, ಕಿಟಕಿಯಿಂದ್ಲಾದ್ರೂ ನೋಡ್ಕಂಡಿರಬೋದು ಅಂತ!"

ಹೊನ್ನೇಶ ಮಲ್ಲಿಗೆಯನ್ನು ಅವಳ ಕೈಗಿಟ್ಟು ಕಾರು ತಿರುಗಿಸಿದ. ತರೀಕೆರೆ ದಾಟುವ ಮೊದಲು ದಾರಿಯಲ್ಲಿ ಕಂಡ ಗುಂಡಿಗಳಿಗೆಲ್ಲ ಎಡಚಕ್ರವನ್ನು ಹುಡುಕಿ ಹುಡುಕಿ ಇಳಿಸಿದ. ಹಾಳಾದ್ದು, ಒಂದು ಸಲವೂ ಲೊಡಕ್ ಎನ್ನಲಿಲ್ಲ.