ಅತ್ತೆಯ ದನಿಯಲ್ಲಿ ಆರಿಸಿದ ಯೂನಿವರ್ಸಿಟಿ

ಬಿಎಸ್ಸಿಗೆ ಯೂನಿವರ್ಸಿಟಿ ಆರಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ನಮ್ಮ ಬಳ್ಳಾರಿಯಲ್ಲೇ, ಇನ್ನೊಂದು ಮೈಸೂರಿನಲ್ಲಿ. ಮೈಸೂರಿನಲ್ಲಿ ಭೌತಶಾಸ್ತ್ರದ ಜೊತೆ ಖಗೋಳವಿಜ್ಞಾನವೂ ಇತ್ತು. ಪಾರ್ವತಿನಗರದ ನಮ್ಮ ಮಾಳಿಗೆಯ ಮೇಲೆ ಅಂಗಾತ ಮಲಗಿ ನಕ್ಷತ್ರ ನೋಡುತ್ತಲೇ ಬೆಳೆದವನು ನಾನು. ಅಪ್ಪನಿಗೆ ಹೇಳಿದರಾಯಿತು!

ಹೇಳಿದೆ.

"ನಕ್ಷತ್ರ ಬಳ್ಳಾರ್ಯಾಗ ಕಾಣಂಗಿಲ್ಲೇನಲೇ?" ಅಂದ ಅಪ್ಪ.

"ಸಿಲಬಸ್ಸಾದ್ರೂ ನೋಡಪ್ಪಾ..."

"ಅದೇನ್ ನೋಡೋದು? ಹಿರೇರು ಏನಂತಾರ ಕೇಳೋಣ. ಶನಿವಾರದ ತನಕ ಟೈಮ್ ಐತಲ್ಲ."

ಗಮನಿಸಿ! ಓದುವವನು ನಾನು. ಪರೀಕ್ಷೆ ಬರೆಯುವವನು ನಾನು. ಅಭಿಪ್ರಾಯ ಮಾತ್ರ, ವಿಜ್ಞಾನಕ್ಕೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದು ಬಂದ ಹಿರಿಯರದು! ಈ ಘೋರ ಅನ್ಯಾಯವನ್ನು ಉಗ್ರವಾಗಿ ಖಂಡಿಸಿ, ಹಿರಿಯರ ಅಭಿಪ್ರಾಯವನ್ನು ನಾನೇ ಸಪ್ಲೈ ಮಾಡಲು ತೀರ್ಮಾನಿಸಿದೆ.

ನಾನು ಮಿಮಿಕ್ರಿ ಮಾಡುತ್ತೇನೆ. ಸಿರುಗುಪ್ಪದ ಸೋದರಮಾವ ನನ್ನ ಬೆಸ್ಟ್ ಐಟಂ. ಬಳಗದ ಮದುವೆಗಳಲ್ಲಿ ಒನ್ಸ್‌ಮೋರ್ ಬೀಳುತ್ತದೆ. ಮಾವ ಸಿರುಗುಪ್ಪದಲ್ಲಿ ಮಾತಾಡಿದರೆ ಬಳ್ಳಾರಿಯವರಿಗೆ ಫೋನ್ ಬೇಕಿಲ್ಲ, ಅಂಥ ದನಿ! ಗೆಳೆಯ ಖಾಜಾನ ಫೋನಿನಿಂದ ಅಪ್ಪನಿಗೆ ಹಚ್ಚಿದೆ.

"ಬಾವಾ! ಇದು ಹೊಸಾ ನಂಬರು! ಹುಡುಗನ್ನ ಮೈಸೂರಿಗೇ ಹಾಕ್ರಿ! ನನ್ ಮಾತ್ ಕೇಳ್ರಿ!"

"ಆತು ಮಾರಾಯಾ, ಆತು."

ಗೆದ್ದೆನೆಂದು ಖಾಜಾನಿಗೆ ಮಿರ್ಚಿ ಕೊಡಿಸಿ ಮನೆಗೆ ಬಂದರೆ, ಅಪ್ಪ ಅವ್ವನಿಗೆ ಹೇಳುತ್ತಿದ್ದ: "ನಿನ್ ತಮ್ಮ ಮೈಸೂರು ಅಂದಾನ. ಅಂದಮ್ಯಾಲೆ ಬಳ್ಳಾರೀನ ಚಲೋ! ಬೋರ್ ಎಲ್ಲಿ ಹಾಕ್ಸಬೇಕು ಅಂತ ಹೇಳಿದಾವನೂ ಇವನ ಅಲ್ಲೇನು?"

ಬೋರ್! ಮರೆತೇಬಿಟ್ಟಿದ್ದೆ. ಮಾವನ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲೇ ಕೊರೆಸಿ, ಅಪ್ಪ ಇಡೀ ಓಣಿಗೆ ನೀರಿನ ಬದಲು ಧೂಳು ಕುಡಿಸಿದ್ದ. ಅಂದಿನಿಂದ ಮಾವ ಪೂರ್ವ ಎಂದರೆ ಅಪ್ಪ ಪಶ್ಚಿಮ. ಒಂದು ತೆಂಗಿನಕಾಯಿಗೆ ನನ್ನ ಖಗೋಳವಿಜ್ಞಾನ ಬಲಿಯಾಗಬೇಕೇ? ಇದ್ಯಾವ ನ್ಯಾಯ!

ಉಳಿದವಳು ಕುರುಗೋಡಿನ ಅತ್ತೆ, ಅಪ್ಪನ ಅಕ್ಕ. ಆಕೆಯ ಮಾತನ್ನು ಅಪ್ಪ ದಾಟಿದ್ದು ಕಂಡವರಿಲ್ಲ. ಮರುದಿನ ಖಾಜಾನ ಟವೆಲನ್ನೇ ಸೆರಗಿನಂತೆ ತಲೆಮೇಲೆ ಹೊದ್ದು, ಅವನ ಅಣ್ಣನ ಫೋನಿನಿಂದ ಮಾಡಿದೆ. ಕಲೆಗೆ ಶ್ರದ್ಧೆ ಬೇಕು!

"ತಮ್ಮಾ, ಪಕ್ಕದ್ಮನಿ ಫೋನಿಂದ ಮಾಡೀನಿ. ಹುಡುಗ ಮೈಸೂರಿಗೆ ಹೋಗ್ಲಿ ಬಿಡು."

"ನೀ ಅಂದಮ್ಯಾಲೆ ಮುಗೀತು ಬಿಡಕ್ಕಾ."

ಅಲ್ಲಿಗೇ ಇಟ್ಟಿದ್ದರೆ ಇದನ್ನು ಮೈಸೂರಿನಲ್ಲಿ ಕೂತು ಬರೆಯುತ್ತಿದ್ದೆ. ಆದರೆ ಅತ್ತೆ, ಮಕ್ಕಳ ಮಾತು ಬಂದಾಗ ಯಾರಿಗೇ ಆಗಲಿ, ಕೊನೆಗೊಂದು ಉಪಚಾರದ ಮಾತು ಹೇಳದೆ ಫೋನ್ ಇಡುವವಳಲ್ಲ. ಅದಿಲ್ಲದೆ ಅತ್ತೆ ಪೂರ್ತಿಯಾಗುವುದಿಲ್ಲ. ಕಲಾವಿದ ಅರೆಬರೆ ಕೆಲಸ ಮಾಡುತ್ತಾನೆಯೇ? ಮೂಗಿನಲ್ಲಿ ರಾಗ ಎಳೆದೆ:

"ಇಲ್ಲಾಂದ್ರ ನಮ್ಮನೀಗೆ ಕಳಿಸು, ನಾ ಸಾಕ್ತೀನಿ."

ಈವರೆಗೆ ಯಾರೂ ಕಳಿಸಿರಲಿಲ್ಲ.

"ಅಯ್ಯ ಅಕ್ಕಾ, ಇದು ನನಗ ಹೊಳೀಲೇ ಇಲ್ಲ ನೋಡು!" ಅಪ್ಪ ದನಿಯಲ್ಲೇ ಕುಣಿದಾಡಿದ. "ಮೈಸೂರು ಯಾಕ ಬೇಕು? ನಿನ್ ಕಣ್ಣಾಗ ಇದ್ರ ಈ ಕೋತಿಚೇಷ್ಟೆನೂ ಬಿಡ್ತಾನ. ದಿನಾ ಬಸ್ಸಿಗೆ ಬಳ್ಳಾರಿಗೆ ಹೋಗಿ ಬರ್ಲಿ!"

ಶನಿವಾರ ಬಳ್ಳಾರಿಯ ಸೀಟು ಖಾಯಂ. ಭಾನುವಾರ ಅಪ್ಪ, ನಾನು, ನನ್ನ ಹಾಸಿಗೆ ಅತ್ತೆಯ ಬಾಗಿಲಲ್ಲಿ. ಬಳ್ಳಾರಿಯವನು ಬಳ್ಳಾರಿಯಲ್ಲೇ ಓದಲು ಕುರುಗೋಡಿಗೆ ವಲಸೆ! ಪ್ರಪಂಚದಲ್ಲಿ ಎಲ್ಲಾದರೂ ಉಂಟೇ?

"ಇದೇನಲೇ ತಮ್ಮಾ, ಹಾಸಿಗಿ ಸಮೇತ?" ಅಂದಳು ಅತ್ತೆ. "ಕಳಿಸು ಅಂತ ನೀನ ಫೋನ್ ಮಾಡಿದ್ಯಲ್ಲಕ್ಕಾ," ಅಂದ ಅಪ್ಪ.

ಅತ್ತೆ ನನ್ನನ್ನೇ ನೋಡಿದಳು. "ಹೂಂ, ಮಾಡಿದ್ದೆ," ಅಂದಳು. ಅಪ್ಪನ ಬಸ್ಸು ಹೊರಟ ಮೇಲೆ, "ನಾ ಏನೇನ್ ಮಾತಾಡಿದ್ನಿ, ಒಂದೀಟು ಕೇಳಿಸಲೇ," ಅಂದಳು. ತಲೆತಗ್ಗಿಸಿ ಮಾಡಿ ತೋರಿಸಿದೆ.

"ಚಲೋ ಮಾಡ್ತಿ."

ಅಂದಿನಿಂದ ಅತ್ತೆಗೆ ಬರುವ ಫೋನೆಲ್ಲ ನನ್ನ ಪಾಲು. "ನಾ ರೊಟ್ಟಿ ಬಡಿಯಾಕತ್ತೀನಿ, ನನ್ ದನಿಯಾಗ ನೀನ ಮಾತಾಡು!" ಮೊನ್ನೆ ಅಪ್ಪನೇ ಮಾಡಿದ್ದ.

"ಹುಡುಗ ಹೆಂಗ ಓದಾಕತ್ಯಾನಕ್ಕಾ?"

ಅತ್ತೆ ಒಲೆ ಮುಂದೆ ಕೂತು ಕಿವಿ ನೆಟ್ಟಿದ್ದಳು. ಸುಳ್ಳು ಹೇಳುವಂತಿರಲಿಲ್ಲ.

"ಎಲ್ಲಿ ಓದ್ತಾನ ತಮ್ಮಾ," ಎಂದೆ, ಮೂಗಿನಲ್ಲೇ. "ಹೊತ್ತೆಲ್ಲಾ ಫೋನಿನಾಗ ಇರ್ತಾನ!"