ಬಣ್ಣ ಮರೆತು ಬಂದ ಊರು

ಓದಿದವರಿಗೆ ಒಂದು ದುರಭ್ಯಾಸವುಂಟು: ಸುಲಭದ ತಪ್ಪು ಮಾಡಿ, ಅದಕ್ಕೆ ಕಷ್ಟದ ಕಾರಣ ಹುಡುಕುವುದು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನೇ ಆದ್ದರಿಂದ ಈ ಅಭ್ಯಾಸವನ್ನು ಮನೆಗೆ ತಂದವಳೂ ನಾನೇ.

ಮಣಿಪಾಲದ ಒಂದು ಕಚೇರಿಯಲ್ಲಿ ನಾನು ಕಂಪ್ಯೂಟರಿನೊಳಗೆ ಊರು ಕಟ್ಟುತ್ತೇನೆ. ಡ್ರೋನ್ ತೆಗೆದ ಚಿತ್ರಗಳಿಂದ ಮನೆ, ಅಂಗಡಿ, ರಸ್ತೆಗಳನ್ನು ಉದ್ದ ಅಗಲ ಎತ್ತರ ಸಮೇತ ನಿಲ್ಲಿಸುವುದು; ಮೌಸ್ ಆಡಿಸಿದರೆ ಊರನ್ನೇ ಸುತ್ತು ಹಾಕಬಹುದು. ಇದನ್ನು ಅಮ್ಮನಿಗೆ ಎಷ್ಟು ವಿವರಿಸಿದರೂ ಅಷ್ಟೇ. ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ಕೇಳಿದರೆ, ಮಗಳು ಎಸಿ ರೂಮಿನಲ್ಲಿ ಕೂತುಕೊಳ್ಳುತ್ತಾಳೆ ಎನ್ನುತ್ತಿದ್ದರು. ಅದು ಕೆಲಸವೋ ಕಾಯಿಲೆಯೋ ಎಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಕಾಪುವಿನಿಂದ ಎರ್ಮಾಳಿನವರೆಗಿನ ನಮ್ಮ ಮಾದರಿಯನ್ನು ಕಾಪುವಿನ ಸಭಾಭವನದಲ್ಲಿ ತೋರಿಸುವ ದಿನ ಅಮ್ಮನನ್ನು ಕರೆದೆ. ಅವರು ಬುಟ್ಟಿಯ ಬಂಗುಡೆಯನ್ನು ಬೇಗ ಖಾಲಿ ಮಾಡಿ, ಪಕ್ಕದಲ್ಲಿ ಕೂತು ಮೀನು ಮಾರುವ ಕಮಲಕ್ಕನನ್ನೂ ಇನ್ನೂ ನಾಲ್ವರನ್ನು ಕಟ್ಟಿಕೊಂಡು ಬಂದರು. ಮಗಳು ಮಾಡುವುದು ಕೆಲಸವೇ ಹೌದೆಂದು ಅಂದು ಸಾಬೀತಾಗಬೇಕಿತ್ತು.

ಪರದೆಯ ಮೇಲೆ ಊರು ಎದ್ದು ನಿಂತಿತು, ಪೂರ್ತಿ ಬೆಳ್ಳಗೆ. ಮನೆ ಬಿಳಿ, ತೆಂಗು ಬಿಳಿ, ಕಡಲೂ ಬಿಳಿ.

"ಇದೆಂತ ಮಾರಾಯ್ತಿ, ನಿನ್ನ ಮಗಳು ಊರಿಗೆಲ್ಲ ಸುಣ್ಣ ಬಳಿದದ್ದಾ?" ಎಂದರು ಕಮಲಕ್ಕ.

ಅಮ್ಮ ನಗಲಿಲ್ಲ. ಅಕ್ಷರ ಬಾರದ ಅವರು ಬಸ್ಸನ್ನೂ ಬಣ್ಣ ನೋಡಿಯೇ ಹತ್ತುವವರು. ಆ ಬಿಳಿಯಲ್ಲಿ ಎರ್ಮಾಳಿನ ನಮ್ಮ ಮನೆಯನ್ನು ಹುಡುಕುತ್ತಿದ್ದರು. ನಾನು ಬೆಳಕಿನ ಸೆಟ್ಟಿಂಗ್ ಬದಲಿಸಿದೆ, ಪ್ರೊಜೆಕ್ಟರಿನ ವಯರು ಅಲ್ಲಾಡಿಸಿದೆ, ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಅಲ್ಲ ಮಗಳೇ, ಬಣ್ಣ ಎಲ್ಲಿ ಇಟ್ಟು ಬಂದೆ?"

ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಕೊಡೆ ಮರೆತು ಬಂದರೆ ಕೇಳುತ್ತಿದ್ದ ಅದೇ ಧ್ವನಿ. ಆಗ ಹೊಳೆಯಿತು. ಗೋಡೆಗಳು ಒಂದು ಫೈಲಿನಲ್ಲಿದ್ದರೆ, ಅವಕ್ಕೆ ಹಚ್ಚುವ ಬಣ್ಣದ ಚಿತ್ರಗಳು ಬೇರೆಯೇ ಫೋಲ್ಡರಿನಲ್ಲಿರುತ್ತವೆ. ಪೆನ್‌ಡ್ರೈವಿಗೆ ನಾನು ಹಾಕಿಕೊಂಡದ್ದು ಗೋಡೆ ಮಾತ್ರ. ಬಣ್ಣ ಮಣಿಪಾಲದಲ್ಲಿ, ನನ್ನ ಮೇಜಿನ ಕಂಪ್ಯೂಟರಿನಲ್ಲಿ ಸುಖವಾಗಿತ್ತು.

ಕಚೇರಿಗೆ ಫೋನು ಮಾಡಿ ಇಂಟರ್‌ನೆಟ್ಟಿನಲ್ಲಿ ತರಿಸಿಕೊಂಡೆ. ಕಡಲು ನೀಲಿಯಾಯಿತು, ಹಂಚು ಕೆಂಪಾಯಿತು. ಕಮಲಕ್ಕ ತಮ್ಮ ಅಂಗಳದಲ್ಲಿ ಒಣಗುತ್ತಿದ್ದ ಗಂಡನ ಲುಂಗಿಯನ್ನು ಎಲ್ಲರಿಗೂ ಬೆರಳಿಟ್ಟು ತೋರಿಸಿದರು. ನಾನು ಗರ್ವದಿಂದ ನಮ್ಮ ಮನೆಯನ್ನು ದೊಡ್ಡದು ಮಾಡಿ ತಿರುಗಿಸಿದೆ.

"ಇದು ನಮ್ಮದಲ್ಲ," ಎಂದರು ಅಮ್ಮ. "ಹಿತ್ತಿಲಿನ, ಕಡಲ ಬದಿಯ ಗೋಡೆ ಹಸಿರು. ದೋಣಿಗೆ ಬಳಿದು ಉಳಿದ ನೀಲಿ ಮೂರು ಗೋಡೆಗೆ ಮುಗಿಯಿತು. ನಾಲ್ಕನೆಯದಕ್ಕೆ ಕಮಲಕ್ಕನವರ ದೋಣಿಗೆ ಬಳಿದು ಉಳಿದ ಹಸಿರು."

ಡ್ರೋನಿನ ಚಿತ್ರದಲ್ಲಿ ಆ ಹಸಿರು ಇತ್ತು. ಒಂದು ಮನೆಗೆ ಎರಡು ಬಣ್ಣ ಹೇಗೆ, ಚಿತ್ರವೇ ತಪ್ಪಾಗಿರಬೇಕೆಂದು ನಾನೇ ನಾಲ್ಕೂ ಗೋಡೆಯನ್ನು ನೀಲಿ ಮಾಡಿದ್ದೆ. ಇಡೀ ಊರಿನಲ್ಲಿ ನಾನು ತಿದ್ದಿದ್ದು ಅದೊಂದೇ ಮನೆ.

"ಭಾನುವಾರ ಬರ್ತಿ, ಊಟ ಮಾಡ್ತಿ, ಹೋಗ್ತಿ. ಹಿತ್ತಿಲಿಗೆ ಹೋಗಿ ನೋಡಿದ್ದುಂಟಾ?" ಎಂದು ಅಮ್ಮ ಕೇಳಿದಾಗ, ಗ್ರಾಫಿಕ್ಸ್ ಕಾರ್ಡಿನ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ.

ಈಗ ಮಾರ್ಕೆಟ್ಟಿನಲ್ಲಿ ಅಮ್ಮನ ಉತ್ತರ ಸ್ಪಷ್ಟವಾಗಿದೆ: "ಮಗಳು ಊರಿಗೆ ಬಣ್ಣ ಹೊಡೆಯುವುದು. ನಾಲ್ಕನೆಯ ಗೋಡೆ ಮಾತ್ರ ನಾನು ಹೇಳಿಕೊಡಬೇಕು."