ರಿಟೈರ್ ಆಗದ ಪಾಸ್‌ವರ್ಡ್

ಯಶವಂತಪುರದ ಪಂಪು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಷ್ಟು ವರ್ಷ, ವಾರಕ್ಕೊಂದು ಪೇಚಿಗಾದರೂ ಸಿಕ್ಕಿಬೀಳದೆ ನಾನು ಮನೆಗೆ ಹೋದದ್ದೇ ಇಲ್ಲ. ಅದರಲ್ಲೂ 2019ರಲ್ಲಿ ನಮ್ಮ ಸರ್ವರ್‌ಗೆ ನಿವೃತ್ತಿ ಕೊಡಿಸಲು ಹೊರಟಾಗ ಆದದ್ದನ್ನು ನೆನೆದರೆ ಈಗಲೂ ಊಟದ ನಡುವೆ ನಗು ಬರುತ್ತದೆ.

ಕೆಲಸ ಇಷ್ಟೇ. ನೌಕರರ ಹೆಸರು, ಪಾಸ್‌ವರ್ಡ್‌ಗಳೆಲ್ಲ ಆಫೀಸಿನ ಸರ್ವರ್‌ನಲ್ಲಿದ್ದವು. ಅರ್ಧ ಗಂಟೆಗೊಮ್ಮೆ ಅದು ಅವನ್ನು ಕ್ಲೌಡ್‌ಗೆ ಒಪ್ಪಿಸುತ್ತಿತ್ತು. ಹೆಸರು ಕಾಯುವ ಜವಾಬ್ದಾರಿಯನ್ನೂ ಪೂರ್ತಿ ಕ್ಲೌಡ್‌ಗೇ ವಹಿಸಿ, ತಿಂಗಳ ಕೊನೆಗೆ ಹಳೇ ಸರ್ವರ್ ಆರಿಸಬೇಕೆಂದು ಮ್ಯಾನೇಜರ್ ಅಪ್ಪಣೆ ಕೊಡಿಸಿದರು. "ಒಂದು ಹೆಸರು ಬಿಟ್ಟುಹೋದ್ರೂ ಬಿಲ್ ಆಗಲ್ಲ, ಲಾರಿ ಗೇಟ್ ದಾಟಲ್ಲ ಕಣ್ರೀ. ಲಾರಿ ದಾಟ್ಲಿಲ್ಲಾಂದ್ರೆ ನೀವು ದಾಟ್ತೀರಿ!"

ಮಲ್ಲಿಗೆ ದಂಡೆ

ಮೊದಲ ವಿರೋಧ ಅಕೌಂಟ್ಸ್‌ನ ಹೆಂಗಸರಿಂದ ಬಂತು. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಸರ್ವರ್ ರೂಮಿಗೆ ಮಾತ್ರ. ಬೆಳಿಗ್ಗೆ ಕೊಂಡ ಮಲ್ಲಿಗೆ ದಂಡೆ ಸಂಜೆ ತನಕ ಬಾಡದಿರಲೆಂದು ಅವರೆಲ್ಲ ಅದನ್ನು ಸರ್ವರ್ ಪಕ್ಕದಲ್ಲೇ ಇಡುತ್ತಿದ್ದರು. ನಾನು ಕಂಡೂ ಕಾಣದಂತಿದ್ದೆ. ಹೂವಿನ ವಾಸನೆಯ ಸರ್ವರ್ ಬೆಂಗಳೂರಲ್ಲಿ ಬೇರೆ ಯಾರಿಗಿದೆ!

ಹೆಸರುಗಳು ಹೇಗೆ ಕ್ಲೌಡ್‌ಗೆ ಹೋಗುತ್ತವೆಂದು ಅರ್ಧ ಗಂಟೆ ವಿವರಿಸಿ, ಏನಾದರೂ ಅನುಮಾನವಿದೆಯೇ ಎಂದು ಕೇಳಿದೆ. ಹಿರಿಯ ಅಕೌಂಟೆಂಟಮ್ಮ ಎದ್ದು ನಿಂತರು.

"ಎಲ್ಲಾ ಅರ್ಥ ಆಯ್ತು ಸಾರ್. ಏನ್ ಬೇಕಾದ್ರೂ ಮೇಲೆ ಕಳ್ಸಿ. ಏಸಿ ಒಂದು ಇಲ್ಲೇ ಇರ್ಲಿ."

ಹನ್ನೊಂದು ಕಡೆ ಒಬ್ಬರೇ

ಪಟ್ಟಿ ಹಿಡಿದು ಹೆಸರು ತಾಳೆ ನೋಡುವಾಗ ಒಂದು ಸಾಲಿನಲ್ಲಿ ಪೆನ್ನು ನಿಂತಿತು. ಒಂದೇ ಹೆಸರು ಹನ್ನೊಂದು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿತ್ತು. ಎರಡು ವರ್ಷದ ಹಿಂದೆ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಹೋದ ನಮ್ಮ ಹಳೇ ಸ್ಟೋರ್ ಕೀಪರ್ ಅವರದು! ಕಳ್ಳರೇ ನುಗ್ಗಿದ್ದಾರೆಂದು ಸ್ಟೋರ್ಸಿಗೆ ಓಡಿದೆ. ಅಲ್ಲಿ ದೇವರ ಫೋಟೋದ ಕೆಳಗೆ, ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ ಅವರ ಪಾಸ್‌ವರ್ಡ್ ರಾರಾಜಿಸುತ್ತಿತ್ತು. ದಿನಾ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದರು.

"ಅವರು ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲಮ್ಮಾ!" ಎಂದೆ.

ಸ್ಟೋರ್ಸಿನ ಅಕ್ಕ ತಣ್ಣಗೆ ಹೇಳಿದರು: "ಅವ್ರು ಆದ್ರು ಸಾರ್. ಪಾಸ್‌ವರ್ಡ್‌ಗೆ ಇನ್ನೂ ಸರ್ವೀಸ್ ಇದೆ."

ಹಳೇ ಗ್ಲೌಸ್

ಆ ಹೆಸರು ಅಳಿಸಿದರೆ ಸ್ಟೋರ್ಸ್ ನಿಲ್ಲುತ್ತದೆ. ಹನ್ನೊಂದು ಹೊಸ ಹೆಸರಿಗೆ ಮ್ಯಾನೇಜರ್ ಸಹಿ ಬೀಳಲು ಎರಡು ವಾರ ಬೇಕು. ಅಲ್ಲಿಯವರೆಗೆ ನಡೆಯಲಿ ಎಂದು ಅವರನ್ನೂ ಹಾಗೆಯೇ ಕ್ಲೌಡ್‌ಗೆ ಏರಿಸಿಬಿಟ್ಟೆ. ಕ್ಲೌಡ್ ನಮ್ಮಷ್ಟು ಧಾರಾಳಿಯಲ್ಲ. ದಿನಾ ಬೆಳಿಗ್ಗೆ ಮೊಬೈಲ್‌ಗೆ ಬರುವ ಕೋಡ್ ಕೇಳತೊಡಗಿತು. ಮೊಬೈಲ್ ಪುಟ್ಟೇನಹಳ್ಳಿ ಕೆರೆ ಪಕ್ಕದ ಮನೆಯಲ್ಲಿ, ರಿಟೈರ್ ಆದ ಯಜಮಾನರ ಜೇಬಿನಲ್ಲಿತ್ತು.

ಫೋನ್ ಮಾಡಿದೆ. ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿತ್ತು.

"ಕೋಡ್ ಬಂದೈತೆ. ಏನಕ್ ಬೇಕು?" ಎಂದರು.

"ಗ್ಲೌಸ್ ಕೊಡ್ಬೇಕು ಸಾರ್, ಲೋಡ್ ಮಾಡೋರಿಗೆ."

"ಎಷ್ಟ್ ಜೊತೆ? ಹಳೇ ಗ್ಲೌಸ್ ವಾಪಸ್ ಕೊಟ್ರಾ?"

ಹಳೆಯದು ತೋರಿಸದೆ ಹೊಸದು ಕೊಟ್ಟವರಲ್ಲ ಅವರು, ಮೂವತ್ತು ವರ್ಷ. ನಾನು ಹಳೆಯ ಗ್ಲೌಸ್ ಹುಡುಕಿಸಿ, ಎಣಿಸಿ, ತೂತು ಎಲ್ಲೆಲ್ಲಿವೆ ಎಂದು ವರದಿ ಒಪ್ಪಿಸುವಷ್ಟರಲ್ಲಿ ಕೋಡಿನ ಅವಧಿ ಮುಗಿದಿತ್ತು.

"ಇನ್ನೊಂದ್ ಕಿತ ಕಳ್ಸಿ," ಎಂದರು ಯಜಮಾನರು, "ಆದ್ರೆ ಇಂಗೆಲ್ಲಾ ಕೋಡ್ ವೇಸ್ಟ್ ಮಾಡ್ಬಾರ್ದು ಕಣಪ್ಪಾ."

ಹತ್ತು ಗಂಟೆಯ ಫೋನ್

ಅಂತೂ ಸಹಿ ಬಿತ್ತು. ಶುಕ್ರವಾರ ಹನ್ನೊಂದು ಜನರಿಗೂ ಸ್ವಂತ ಹೆಸರು ಬಂತು, ಗೋಡೆಗೆ ಸುಣ್ಣ ಬಿತ್ತು, ಸರ್ವರ್ ಆರಿತು, ಲಾರಿ ದಾಟಿತು, ನಾನು ಉಳಿದೆ.

ಸೋಮವಾರ ಹನ್ನೊಂದಕ್ಕೆ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲಿದ್ದರು.

"ಯಾಕಪ್ಪಾ, ಇವತ್ತು ಯಾರೂ ಪೋನೇ ಮಾಡ್ನಿಲ್ಲ? ಕಂಪ್ನಿ ಮುಚ್ಚೋಯ್ತಾ?"

ಹೆಮ್ಮೆಯಿಂದ ಎಲ್ಲ ವಿವರಿಸಿದೆ. ಅವರ ಮುಖ ಸಣ್ಣಗಾಯಿತು. ಮೂವತ್ತು ವರ್ಷದ ಮನುಷ್ಯನನ್ನು ಎರಡನೇ ಸಲ ರಿಟೈರ್ ಮಾಡಿಸಿದ ಪಾಪ ನನ್ನದು. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಕಂಪ್ನಿ ನನ್ನಿಂದ್ಲೇ ನಡೀತೈತೆ ಅಂತ ಮನೇನಾಗೆ ಯೋಳ್ಬುಟ್ಟಿದೀನಿ. ದಿನಾ ಹತ್ತಕ್ಕೆ ಸುಮ್ನೆ ಒಂದ್ ಪೋನ್ ಮಾಡಪ್ಪಾ. ನಮ್ಮವ್ಳಿಗೆ ಕೇಳಿದ್ರೆ ಸಾಕು."

ಮಾಡತೊಡಗಿದೆ. "ಹಳೇ ಗ್ಲೌಸ್ ವಾಪಸ್ ಬಂತಾ?" ಎಂದು ಅವರು ಇಡೀ ಕೆರೆಗೆ ಕೇಳುವಂತೆ ಕೂಗುತ್ತಿದ್ದರು. ನಾನು "ಬಂತು ಸಾರ್" ಅನ್ನುತ್ತಿದ್ದೆ. ಹೀಗೆ ತಿಂಗಳು ಕಳೆಯಿತು. ಒಂದು ದಿನ ಅವರ ಹೆಂಡತಿ ಫೋನ್ ಎತ್ತಿದರು.

"ಅವ್ರು ಸ್ನಾನಕ್ ಓಗವ್ರೆ ಸಾರ್. ಕೋಡೂ ಇಲ್ಲ ಏನೂ ಇಲ್ಲ ಅಂತ ನಂಗೊತ್ತು, ಮೊಬೈಲು ನಾನೂ ನೋಡ್ತೀನಿ."

ನಾಚಿಕೆಯಿಂದ ತಡವರಿಸಿದೆ. "ತಪ್ಪಾಯ್ತಮ್ಮಾ, ನಾಳೆಯಿಂದ ಮಾಡಲ್ಲ."

"ಅಯ್ಯೋ, ನಿಲ್ಲುಸ್ಬ್ಯಾಡಿ ಸಾಮಿ!" ಆಕೆ ದನಿ ತಗ್ಗಿಸಿದರು. "ರಿಟೈರ್ ಆದ್ಮ್ಯಾಕೆ ನಿಮ್ ಪೋನ್ ಇಲ್ದಿದ್ ಆ ಎರಡು ವರ್ಸ, ಹಳೇ ಪೊರಕೆ ತೋರುಸ್ದೆ ನಂಗೊಂದ್ ಹೊಸಾ ಪೊರಕೆ ಕೊಟ್ಟೋರಲ್ಲ."